ಸೂಕ್ಷ್ಮ ಗುಳ್ಳೆಗಳಿಂದ ಸ್ಪಷ್ಟಗೊಳ್ಳುವ ಅಲ್ಟ್ರಾಸೌಂಡ್ ಚಿತ್ರ

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರವು ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಣಸಿಗುವ ಉಪಕರಣ. ಸಿ.ಟಿ. ಹಾಗೂ ಎಂ.ಆರ್.ಐ. ಯಂತ್ರಗಳಿಗಿಂತ ಇದರ ಬೆಲೆ ಕಡಿಮೆ. ಎಕ್ಸ್-ರೇ ವಿಕಿರಣದ ಭಯವೂ ಇಲ್ಲ. ಆದರೆ ಸಣ್ಣ ರಕ್ತನಾಳಗಳಲ್ಲಿ ಹರಿಯುವ ರಕ್ತವು ಇದರ ಪರದೆಯ ಮೇಲೆ ಸ್ಪಷ್ಟವಾಗಿ ಮೂಡುವುದಿಲ್ಲ. ಯಕೃತ್ತಿನಲ್ಲಿ ಕಂಡ ಗಂಟು ನಿರಪಾಯಕಾರಿಯೋ ಕ್ಯಾನ್ಸರೋ ಎಂದು ಅಳೆಯಲು ಅದರೊಳಗಿನ ರಕ್ತಸಂಚಾರ ತಿಳಿಯಬೇಕಾಗುತ್ತದೆ. ಈ ಕೊರತೆಯನ್ನು ನೀಗಿಸುವುದೇ ಸೂಕ್ಷ್ಮ ಗುಳ್ಳೆಗಳ ಕಾಂಟ್ರಾಸ್ಟ್ ಔಷಧ.

ಬೆಳೆದು ಬಂದ ಬಗೆ

1968ರಲ್ಲಿ ಅಮೆರಿಕದ ರೋಚೆಸ್ಟರ್‌ನ ವೈದ್ಯರಾದ ಗ್ರಾಮಿಯಾಕ್ ಮತ್ತು ಶಾ ಅವರು ಗಮನಾರ್ಹ ಸಂಗತಿಯೊಂದನ್ನು ಪ್ರಕಟಿಸಿದರು. ಮಹಾಪಧಮನಿಯ ಬುಡಕ್ಕೆ ದ್ರಾವಣವನ್ನು ಚುಚ್ಚಿದಾಗ ಪ್ರತಿಧ್ವನಿಗಳ ಮೋಡವೇ ಪರದೆಯ ಮೇಲೆ ಕಾಣಿಸಿಕೊಂಡಿತ್ತು. ದ್ರಾವಣದೊಂದಿಗೆ ಸೇರಿದ್ದ ಪುಟ್ಟ ಗುಳ್ಳೆಗಳೇ ಇದಕ್ಕೆ ಕಾರಣವೆಂದು ಮುಂದೆ ತಿಳಿದುಬಂದಿತು.

1994ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆಲ್ಬುನೆಕ್ಸ್‌ನ ಗುಳ್ಳೆಗಳಲ್ಲಿ ಗಾಳಿ ತುಂಬಿತ್ತು. ಗಾಳಿ ರಕ್ತದಲ್ಲಿ ಬೇಗನೆ ಕರಗುವುದರಿಂದ ಅವು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಹೀಗಾಗಿ ತಯಾರಕರು ರಕ್ತದಲ್ಲಿ ಸುಲಭವಾಗಿ ಕರಗದ, ಭಾರವಾದ ಅನಿಲಗಳತ್ತ ತಿರುಗಿದರು. ಆಪ್ಟಿಸನ್ ಮತ್ತು ಡೆಫಿನಿಟಿಯಲ್ಲಿ ಪರ್‌ಫ್ಲೂರೋಪ್ರೋಪೇನ್ ಇದ್ದರೆ, 2001ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದ ಸೋನೋವ್ಯೂದಲ್ಲಿ ಸಲ್ಫರ್ ಹೆಕ್ಸಾಫ್ಲೂರೈಡ್ ಇದೆ. ವಿದ್ಯುತ್ ಉಪಕೇಂದ್ರಗಳ ಸರ್ಕ್ಯೂಟ್ ಬ್ರೇಕರ್‌ಗಳಲ್ಲಿ ಬಳಸುವ ಅನಿಲವೂ ಇದೇ ಎಂಬುದು ಉದ್ಯಮಿಗಳಿಗೆ ಕುತೂಹಲಕರ ವಿಷಯ.

ಕಾರ್ಯವಿಧಾನ

ಪ್ರತಿ ಗುಳ್ಳೆಯ ಸುತ್ತ ಕೊಬ್ಬಿನ ಅಥವಾ ಪ್ರೋಟೀನಿನ ತೆಳುವಾದ ಪೊರೆಯಿರುತ್ತದೆ. ಸೋನೋವ್ಯೂ ಗುಳ್ಳೆಯ ಸರಾಸರಿ ವ್ಯಾಸ ಸುಮಾರು 2.5 ಮೈಕ್ರೋಮೀಟರ್, ಕೆಂಪು ರಕ್ತಕಣದ ವ್ಯಾಸ 7ರಿಂದ 8 ಮೈಕ್ರೋಮೀಟರ್. ಆದ್ದರಿಂದ ಗುಳ್ಳೆಯು ಅತಿ ಸಣ್ಣ ನಾಳಗಳಲ್ಲಿಯೂ ನಿರಾತಂಕವಾಗಿ ಸಾಗುತ್ತದೆ. ಶಬ್ದತರಂಗ ತಾಗಿದಾಗ ಅದು ಹಿಗ್ಗುತ್ತ ಕುಗ್ಗುತ್ತ ಮೂಲ ಆವರ್ತನದ ಜೊತೆಗೆ ಅದರ ಇಮ್ಮಡಿ ಆವರ್ತನದ ಪ್ರತಿಧ್ವನಿಯನ್ನೂ ಹೊಮ್ಮಿಸುತ್ತದೆ. ಯಂತ್ರವು ಒಂದಕ್ಕೊಂದು ತಿರುವಾದ ಎರಡು ತರಂಗಗಳನ್ನು ಕಳುಹಿಸಿ, ಮರಳಿದ ಪ್ರತಿಧ್ವನಿಗಳನ್ನು ಕೂಡಿಸಿದಾಗ ಅಂಗಾಂಶದ ಪ್ರತಿಧ್ವನಿ ಬಹುಪಾಲು ಅಳಿದು, ಗುಳ್ಳೆಗಳದ್ದು ಉಳಿಯುತ್ತದೆ. ತರಂಗದ ಶಕ್ತಿ ಹೆಚ್ಚಾದರೆ ಗುಳ್ಳೆಗಳು ಒಡೆಯುವುದರಿಂದ ಅದನ್ನು ಕಡಿಮೆ ಮಟ್ಟದಲ್ಲಿಯೇ ಇರಿಸಬೇಕು.

ಯಕೃತ್ತಿನ ಕ್ಯಾನ್ಸರ್ ಗಂಟಿನಿಂದ ಗುಳ್ಳೆಗಳು ಸಾಮಾನ್ಯವಾಗಿ ಸುತ್ತಲಿನ ಭಾಗಕ್ಕಿಂತ ಮೊದಲೇ ಖಾಲಿಯಾಗುತ್ತವೆ. ಈ ವ್ಯತ್ಯಾಸವೇ ವೈದ್ಯರಿಗೆ ಸುಳಿವು.

ಲಾಭ ಮತ್ತು ಎಚ್ಚರಿಕೆ

ಈ ಅನಿಲವು ಉಸಿರಿನ ಮೂಲಕ ಹೊರಹೋಗುತ್ತದೆ. ಅಯೋಡಿನ್ ಇಲ್ಲದಿರುವುದರಿಂದ ಮೂತ್ರಪಿಂಡಕ್ಕೆ ಹೊರೆಯಿಲ್ಲ. ಹೀಗಾಗಿ ಮೂತ್ರಪಿಂಡದ ತೊಂದರೆಯಿರುವ ರೋಗಿಗಳಿಗೆ ಇದು ಅನುಕೂಲಕರ. ಆದರೂ ವಿರಳವಾಗಿ ಗಂಭೀರ ಪ್ರತಿಕ್ರಿಯೆಗಳು ಉಂಟಾಗಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2007ರಲ್ಲಿ ಕಠಿಣ ಎಚ್ಚರಿಕೆ ನೀಡಿ, 2008ರಲ್ಲಿ ಕೆಲವು ನಿರ್ಬಂಧಗಳನ್ನು ಸಡಿಲಿಸಿತು. 2016ರಲ್ಲಿ ಯಕೃತ್ತಿನ ಪರೀಕ್ಷೆಗೂ ಒಪ್ಪಿಗೆ ನೀಡಿತು. ಗಂಭೀರ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು ಚುಚ್ಚಿದ 30 ನಿಮಿಷಗಳೊಳಗೆ ಕಾಣಿಸಿಕೊಳ್ಳುವುದರಿಂದ, ತುರ್ತು ಚಿಕಿತ್ಸೆಯ ಸೌಲಭ್ಯವಿಲ್ಲದ ಕೇಂದ್ರಗಳು ಇದಕ್ಕೆ ತಕ್ಕವಲ್ಲ.

ವ್ಯಾಪಾರಿಗಳು ಗಮನಿಸಬೇಕಾದುದು

• ಎಲ್ಲ ಯಂತ್ರಗಳೂ ಇದಕ್ಕೆ ಒದಗುವುದಿಲ್ಲ. ಕಾಂಟ್ರಾಸ್ಟ್ ಸಾಫ್ಟ್‌ವೇರ್ ಹಾಗೂ ಅದಕ್ಕೆ ಹೊಂದುವ ಪ್ರೋಬ್ ಇವೆಯೇ ಎಂಬುದನ್ನು ಮಾರಾಟಕ್ಕೆ ಮುನ್ನವೇ ಗ್ರಾಹಕರಿಗೆ ತಿಳಿಸುವುದು ಒಳಿತು. ಇಲ್ಲವಾದರೆ ಖರೀದಿಸಿದ ಔಷಧ ವ್ಯರ್ಥವಾಗುತ್ತದೆ.

• ದಾಸ್ತಾನು ಕ್ರಮವು ಔಷಧದಿಂದ ಔಷಧಕ್ಕೆ ಬೇರೆ. ಆಪ್ಟಿಸನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಸೋನೋವ್ಯೂ ಪುಡಿಗೆ ಶೀತಲ ಸಂಗ್ರಹ ಬೇಕಿಲ್ಲ, ಆದರೆ ದ್ರಾವಣದೊಂದಿಗೆ ಬೆರೆಸಿದ ಮೇಲೆ 6 ಗಂಟೆಗಳೊಳಗೆ ಬಳಸಬೇಕು.

• ಇದು ಉಪಕರಣವಲ್ಲ, ಔಷಧ. ಉಪಕರಣ ಮಾರುವವರು ಇದನ್ನೂ ಮಾರಬೇಕಾದರೆ ಔಷಧ ಮಾರಾಟದ ಪರವಾನಗಿ ಅಗತ್ಯ.

• ಪ್ರಸವಪೂರ್ವ ಲಿಂಗ ಪತ್ತೆ ತಡೆಗಟ್ಟುವ 1994ರ ಕಾಯ್ದೆಯ ನಿಯಮಗಳಂತೆ, ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಾಯಿತ ಕೇಂದ್ರಗಳಿಗೆ ಮಾತ್ರ ಮಾರಬೇಕು. ಖರೀದಿದಾರರ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಸಲ್ಲಿಸಬೇಕು. ಯಕೃತ್ತಿನ ಪರೀಕ್ಷೆಗೆಂದೇ ಕೊಳ್ಳುವ ಯಂತ್ರಕ್ಕೂ ಇದರಿಂದ ವಿನಾಯಿತಿಯಿಲ್ಲ.

ಯಂತ್ರ, ಔಷಧ ಮತ್ತು ತರಬೇತಿ ಪಡೆದ ವೈದ್ಯರು ಈ ಮೂರೂ ಕೂಡಿದಾಗಲೇ ಇದರ ಪೂರ್ಣ ಪ್ರಯೋಜನ. ಮೂರನ್ನೂ ಅರಿತು ಸಲಹೆ ನೀಡಬಲ್ಲ ವ್ಯಾಪಾರಿಯನ್ನೇ ಆಸ್ಪತ್ರೆಗಳು ನೆಚ್ಚುತ್ತವೆ.