ಆಟದ ನಡುವೆ ನಮ್ಮ ಮಾತು
ಗೇಮ್ ಆಡುತ್ತಾ ಮಾತಾಡಿ, ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಲು ದೊಡ್ಡ ಸ್ಟುಡಿಯೊ ಏನೂ ಬೇಕಿಲ್ಲ. ನಾನು ಶುರು ಮಾಡಿದ್ದು ಅಣ್ಣನ ಹಳೇ ಲ್ಯಾಪ್‌ಟಾಪ್, ಇಯರ್‌ಫೋನಿನ ಮೈಕು ಮತ್ತು ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊದಿಂದ. ಆಟ ಮೈನ್‌ಕ್ರಾಫ್ಟ್.

ಒಬಿಎಸ್‌ನಲ್ಲಿ ಆಟದ ಸದ್ದು, ನಮ್ಮ ದನಿ ಎರಡನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇಡಬಹುದು. ಕ್ರೀಪರ್ ಸಿಡಿದ ಸದ್ದಿಗೆ ಮಾತು ಮುಳುಗಿದರೆ, ಎಡಿಟ್ ಮಾಡುವಾಗ ಸದ್ದನ್ನಷ್ಟೇ ತಗ್ಗಿಸಿದರಾಯಿತು. ಎಂಕೆವಿ ಫೈಲಾಗಿ ರೆಕಾರ್ಡ್ ಮಾಡಿದರೆ ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನವರಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. ಆಮೇಲೆ ಅಲ್ಲೇ ಅದನ್ನು ಎಂಪಿ4 ಮಾಡಿಕೊಳ್ಳಬಹುದು.

ಕಷ್ಟವಿರುವುದು ಮಾತಿನಲ್ಲಿ. ‘ಹಿಂದ್ಯಾಗ ಮಾತಾಡಲೇ, ವ್ಯೂಸ್ ಬರ್ತಾವ’ ಅಂದ ಗೆಳೆಯರೇ ಹೆಚ್ಚು. ಅವರ ಲೆಕ್ಕ ಸುಳ್ಳಲ್ಲ. ಜಾಹೀರಾತಿನ ದುಡ್ಡು ಬರಬೇಕೆಂದರೆ 1000 ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ ಬೇಕು. ನನಗಿರುವುದು 83 ಜನ.

ಆದರೆ ಕಟ್ಟಿದ ಮನೆ ಕಣ್ಣೆದುರೇ ಸಿಡಿದಾಗ ಅನುವಾದ ಮಾಡಲು ಪುರುಸೊತ್ತು ಎಲ್ಲಿ? ಬಾಯಿಗೆ ಬರುವುದು ‘ಅಯ್ಯಯ್ಯ, ಹೋತಲೇ ಮನಿ!’ ಅಂತಲೇ. ಬಂದ ಕಮೆಂಟುಗಳೆಲ್ಲ ಆ ಒಂದು ಮಾತಿಗೇ. ಬರೆದುಕೊಂಡು ಓದಿದ ಹಿಂದಿಗೆ ಯಾರೂ ಹಾಗೆ ನಗಲಾರರು. ದುಡ್ಡು ತಡವಾಗಿ ಬರಲಿ. ನನ್ನ ದನಿ ನನ್ನದಾಗಿಯೇ ಇರಲಿ.