“ಸೂಜಿ ಬೇಡ ಡಾಕ್ಟ್ರೇ, ಕೋಲು ಕೊಡಿ!”

ಬಸ್ಸಿನ ಮೆಟ್ಟಿಲಿಗೆ ಗೊತ್ತಿರುವಷ್ಟು ಡಾಕ್ಟರಿಗೂ ಗೊತ್ತಿಲ್ಲ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ, ಯಾವ ಬಸ್ ಸ್ಟ್ಯಾಂಡಿನಲ್ಲಾದರೂ ಅರ್ಧ ಗಂಟೆ ನಿಂತು ನೋಡಿ. ವಳ್ಳೂರಿನಂಥ ಹಳ್ಳಿಯಿಂದ ಪೇಟೆಗೆ ಬಂದ ಯಜಮಾನರೊಬ್ಬರು ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದು ಕಾಲನ್ನು ಮೇಲಿಟ್ಟು, ಇನ್ನೊಂದನ್ನು ಚೀಲ ಎಳೆದ ಹಾಗೆ ಎಳೆದುಕೊಳ್ಳುತ್ತಾರೆ. “ಬೇಗ ಹತ್ತಿ ಯಜಮಾನ್ರೇ, ಟೈಮಾಯ್ತು” ಅಂತ ಕಂಡಕ್ಟರ್ ಸಿಡುಕುತ್ತಾನೆ. ಅದೇ ಯಜಮಾನರು ಆಸ್ಪತ್ರೆಯಲ್ಲಿ ಹೇಳುವುದು ಒಂದೇ ಮಾತು: “ಮಂಡಿ ನೋವು ಸಾರ್, ಒಂದು ಸೂಜಿ ಹಾಕ್ಬುಡಿ.”

ಸೂಜಿ ಬೀಳುತ್ತದೆ, ಎರಡು ದಿನ ಹಾಯ್ ಅನ್ನಿಸುತ್ತದೆ. ಮೂರನೇ ದಿನ ಅದೇ ಮೆಟ್ಟಿಲು, ಅದೇ ಕಂಬಿ.

ಈ ಸೀಮೆಯ ಮಂಡಿ ನೋವಿಗೆಲ್ಲ ವಯಸ್ಸೊಂದೇ ಕಾರಣವಲ್ಲ. ಕೊಳವೆ ಬಾವಿ ಆಳಕ್ಕೆ ಹೋದಂತೆಲ್ಲ ನೀರಿನ ಜೊತೆ ಫ್ಲೋರೈಡೂ ಮೇಲೆ ಬಂತು. ಲೀಟರ್ ನೀರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಲೆಕ್ಕ. ಪಾವಗಡ, ಶಿರಾ, ಮಧುಗಿರಿ ಕಡೆ ಅದನ್ನು ದಾಟಿದ ಬೋರುಗಳು ಎಷ್ಟೋ. ಮೊದಲು ಹಲ್ಲು ಕಂದುಗಟ್ಟುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ ಬಿರುಸಾಗಿ, ಸೊಂಟ ಬಗ್ಗುವುದಿಲ್ಲ, ಕತ್ತು ತಿರುಗುವುದಿಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಗುರುತಿಸಿ ಬರೆದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಈಗ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಂಡು ಬಂದರೂ, ಮೂಳೆಗೆ ಇಳಿದದ್ದು ಅಷ್ಟು ಬೇಗ ಬಿಡುವುದಲ್ಲ.

ಹಾಗಾದರೆ ಕೋಲು ಕೇಳಲು ಏನು ಕಷ್ಟ? ಮರ್ಯಾದೆ ಸ್ವಾಮಿ, ಮರ್ಯಾದೆ! “ಕೋಲು ಹಿಡಿದ್ರೆ ಮುದುಕ ಅಂತಾರೆ.” ಅಂಗಡಿಯವರಿಗಂತೂ ಇನ್ನೊಂದು ಭಯ. ಗಲ್ಲಾಪೆಟ್ಟಿಗೆ ಪಕ್ಕ ಕೋಲು ಕಂಡರೆ, ವ್ಯಾಪಾರ ಮಗನ ಕೈಗೆ ಹೋಯಿತು ಅಂತ ಗಿರಾಕಿ ತಿಳಿದುಕೊಂಡರೆ? ಅದಕ್ಕೇ ಗೋಡೆ ಹಿಡಿದು, ಮೊಮ್ಮಗನ ಹೆಗಲು ಹಿಡಿದು ದಿನ ದೂಡುತ್ತಾರೆ. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದರೆ, ಆಗ ಕೋಲಲ್ಲ, ಮಂಚವೇ ಗತಿ.

ಡಾಕ್ಟರ ಹತ್ತಿರ ಹೇಳಬೇಕಾದ್ದು ನೋವಿನ ಹೆಸರಲ್ಲ, ನಡೆಯುವ ಕಥೆ. ಎಷ್ಟು ದೂರ ಹೋದರೆ ಕೂರಬೇಕಾಗುತ್ತದೆ? ಬಸ್ ಹತ್ತಲಾಗುತ್ತದೆಯೇ? ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂತರೆ ಏಳಲಾಗುತ್ತದೆಯೇ? ವರ್ಷದಲ್ಲಿ ಎಷ್ಟು ಸಲ ಬಿದ್ದಿರಿ? ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ತಂದು ನುಂಗುವ ನೋವಿನ ಮಾತ್ರೆ ದಿನಕ್ಕೆಷ್ಟು? ಇದನ್ನು ಮುಚ್ಚಿಡಬೇಡಿ, ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುವ ಮಾತ್ರೆಗಳವು. ಕಾಲು ಜೋಮು ಹಿಡಿಯುವುದು, ಚಪ್ಪಲಿ ಜಾರಿದ್ದೇ ತಿಳಿಯದಿರುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಮೊದಲು ಅದನ್ನೇ ಹೇಳಬೇಕು. ಬೆನ್ನುಹುರಿ ಒತ್ತಿಕೊಂಡಿರಬಹುದು. ಅದಕ್ಕೆ ಕೋಲು ಮದ್ದಲ್ಲ. ಕೊನೆಗೆ ಬಾಯಿಬಿಟ್ಟು ಕೇಳಿ: “ನನಗೆ ಕೋಲು ಸಾಕಾ, ವಾಕರ್ ಬೇಕಾ, ನಡೆದು ತೋರಿಸ್ಲಾ?” ಕೂತ ರೋಗಿಯ ಮಂಡಿ ಮುಟ್ಟಿ ನೋಡುವುದಕ್ಕೂ, ಬಾಗಿಲ ತನಕ ನಡೆಸಿ ನೋಡುವುದಕ್ಕೂ ಅಜಗಜಾಂತರ.

ಕೋಲಿಗೂ ಅಳತೆ ಉಂಟು. ಚಪ್ಪಲಿ ಮೆಟ್ಟಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಹಿಡಿಯುವುದು ನೋವಿರುವ ಕಾಲಿನ ಕಡೆ ಅಲ್ಲ, ಎದುರು ಕೈಯಲ್ಲಿ. ಬಲಗಾಲು ನೋವಾದರೆ ಎಡಗೈಗೆ ಕೋಲು. ಬಹಳ ಜನ ಇಲ್ಲೇ ಎಡವುವುದು! ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ದುಡ್ಡಿನ ಮಾತಿಗೆ ಬಂದರೆ, ಸರ್ಕಾರದ ದಾರಿ ಎರಡಿವೆ. 60 ದಾಟಿದ ಬಡವರಿಗೆ ಕೇಂದ್ರದ ವಯೋಶ್ರೀ ಯೋಜನೆ 2017ರಲ್ಲಿ ಬಂತು. ಶುರುವಾದದ್ದು ಅದೇ ನೆಲ್ಲೂರಿನಲ್ಲಿ! ಶಿಬಿರದಲ್ಲಿ ಪರೀಕ್ಷೆ ಮಾಡಿ ಊರುಗೋಲು, ವಾಕರ್, ಗಾಲಿಕುರ್ಚಿ ಪುಕ್ಕಟೆ ಕೊಡುತ್ತಾರೆ. ಎರಡನೆಯದು ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ, ಅಡಿಪ್ ಯೋಜನೆ. ಇಲ್ಲಿ ವಯಸ್ಸು ಅಡ್ಡಿಯಿಲ್ಲ, ಆದಾಯದ ಮಿತಿ ಉಂಟು, ಪ್ರಮಾಣಪತ್ರವೂ ಬೇಕು. 2021ರ ಜೂನ್‌ನಿಂದ ಈ ಪತ್ರಕ್ಕೆ ಯುಡಿಐಡಿ ಅಂತ ಆನ್‌ಲೈನಿನಲ್ಲೇ ಅರ್ಜಿ ಹಾಕಬೇಕು. ಕಂಪ್ಯೂಟರ್ ಬಾರದವರು ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಅವರ ಕೆಲಸವೇ ಅದು. ಶೇಕಡ ಎಷ್ಟು ಅಂತ ಬರೆಯುವುದು ಮಾತ್ರ ಸರ್ಕಾರಿ ಡಾಕ್ಟರು. ಅವರ ಮುಂದೆಯೂ ಬಿಗುಮಾನಕ್ಕೆ ಸೆಟೆದು ನಡೆದು, “ಪರ್ವಾಗಿಲ್ಲ ಸಾರ್, ನಡೀತೀನಿ” ಅಂದರೆ ಅವರೂ ಹಾಗೇ ಬರೆದುಕೊಳ್ಳುತ್ತಾರೆ.

ಕೋಲು ಕೈಗೆ ಬಂದ ಮೇಲೆ ತುದಿಯ ರಬ್ಬರ್ ಬೂಚನ್ನು ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ಸವೆದು ನುಣ್ಣಗಾಗಿದ್ದರೆ ಬಸ್ ಸ್ಟ್ಯಾಂಡಿನ ಒದ್ದೆ ನೆಲದ ಮೇಲೆ ಕೋಲೇ ಜಾರಿ ಬೀಳಿಸುತ್ತದೆ. ಹೊಸ ಬೂಚಿಗೆ ಹೋಗುವಾಗ ಕೋಲನ್ನೂ ಅಂಗಡಿಗೆ ಒಯ್ಯಿರಿ. ಅಂದಾಜಿಗೆ ತಂದದ್ದು ಕೂರುವುದಿಲ್ಲ.