ಸಾಮಾಜಿಕ ಜಾಲತಾಣವೂ ಸೈನಿಕನ ವಿಳಾಸವೂ

ಯುದ್ಧಕಾಲದ ಜಾಲತಾಣ ಎಂದೊಡನೆ ಸುಳ್ಳು ಸುದ್ದಿಯ ಮಾತೇ ಮೊದಲು ಬರುತ್ತದೆ. 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದಲ್ಲಿ ವಿಡಿಯೋ ಗೇಮಿನ ದೃಶ್ಯಗಳು ನಿಜವಾದ ದಾಳಿಯ ದೃಶ್ಯಗಳೆಂದು ಹರಿದಾಡಿದ್ದನ್ನು ವೀಕ್ಷಕರು ಮರೆತಿರಲಾರರು. ಆದರೆ ಸೇನೆಗಳನ್ನು ಅಷ್ಟೇ ಕಾಡುವ ಇನ್ನೊಂದು ಸಂಗತಿಯಿದೆ: ಅರಿವಿಲ್ಲದೆ ಹೊರಬೀಳುವ ನಿಜ.

ಸ್ಟ್ರಾವಾ ಎಂಬುದು ಓಟಗಾರರ, ಸೈಕಲ್ ಸವಾರರ ಜಾಲತಾಣ. ಕೈಗಡಿಯಾರವೋ ಫೋನೋ ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ಲೆಕ್ಕಹಾಕಿ ಓಡಿದ ದಾರಿಯನ್ನು ದಾಖಲಿಸುತ್ತದೆ. 2017ರ ನವೆಂಬರಿನಲ್ಲಿ ಕಂಪನಿಯು ಇಂಥ 100 ಕೋಟಿ ದಾಖಲೆಗಳನ್ನು ಸೇರಿಸಿ ಭೂಪಟದ ಮೇಲೆ ಬೆಳಕಿನ ಗೆರೆಗಳಾಗಿ ಪ್ರಕಟಿಸಿತು. ಯಾರ ಹೆಸರೂ ಇರಲಿಲ್ಲ. ದೊಡ್ಡ ನಗರಗಳಲ್ಲಿ ಗೆರೆಯ ಮೇಲೆ ಗೆರೆ ಬಿದ್ದು ಊರಿಗೆ ಊರೇ ಬೆಳಗುತ್ತಿತ್ತು. ಸಿರಿಯಾ, ಅಫ್ಘಾನಿಸ್ತಾನದ ಬಯಲೆಲ್ಲ ಕತ್ತಲು. ಆ ಕತ್ತಲಲ್ಲಿ ಅಲ್ಲಲ್ಲಿ ಹೊಳೆಯುವ ಪುಟ್ಟ ಸುತ್ತುಗಳು. ಅಲ್ಲಿನ ಜನರಲ್ಲಿ ಈ ಸಾಧನ ಬಳಸುವವರು ವಿರಳ. ಶಿಬಿರದ ಬೇಲಿಯೊಳಗೆ ವ್ಯಾಯಾಮಕ್ಕೆಂದು ಓಡುತ್ತಿದ್ದವರು ವಿದೇಶಿ ಸೈನಿಕರು! 2018ರ ಜನವರಿಯಲ್ಲಿ ಇದನ್ನು ಲೋಕದ ಗಮನಕ್ಕೆ ತಂದವನು ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ.

ಫೋಟೋದಲ್ಲಿಯೂ ಊರಿನ ಹೆಸರು ಇರಬೇಕಾಗಿಲ್ಲ. ಹಿನ್ನೆಲೆಯ ಗುಡ್ಡದ ಅಂಚು, ನೀರಿನ ಟ್ಯಾಂಕು, ರಸ್ತೆಯ ತಿರುವು ಇವನ್ನು ಉಪಗ್ರಹ ಚಿತ್ರದೊಡನೆ ಹೋಲಿಸಿದರೆ ಜಾಗ ಸಿಗುತ್ತದೆ. ನೆರಳಿನ ದಿಕ್ಕು, ಉದ್ದ ನೋಡಿ ಹೊತ್ತನ್ನು ಅಂದಾಜು ಮಾಡಬಹುದು. (ಹೊರಾಂಗಣ ಚಿತ್ರೀಕರಣದಲ್ಲಿ ಎರಡು ಶಾಟ್‌ಗಳ ನೆರಳು ಹೊಂದದಿದ್ದರೆ ನಮ್ಮ ಸಂಕಲನಕಾರರು ಗೊಣಗುವುದೂ ಇದಕ್ಕೇ.) 2019ರಲ್ಲಿ ರಷ್ಯಾ ತನ್ನ ಸೈನಿಕರು ಕರ್ತವ್ಯದ ಮೇಲಿರುವಾಗ ಸ್ಮಾರ್ಟ್‌ಫೋನ್ ಬಳಸಬಾರದೆಂದು ಕಾನೂನು ಮಾಡಿತು. ಅಭ್ಯಾಸ ಹೋಗಲಿಲ್ಲ. 2023ರ ಹೊಸ ವರ್ಷದ ಮೊದಲ ಗಳಿಗೆಗಳಲ್ಲಿ ಮಕಿಯಿವ್ಕಾ ಪಟ್ಟಣದ ಕಟ್ಟಡವೊಂದರ ಮೇಲೆ ಉಕ್ರೇನಿನ ರಾಕೆಟ್‌ಗಳು ಬಿದ್ದವು. ಸತ್ತವರು 89 ಮಂದಿ ಎಂದು ರಷ್ಯಾವೇ ಒಪ್ಪಿಕೊಂಡಿತು. ಸೈನಿಕರು ಗುಂಪಾಗಿ ಮೊಬೈಲ್ ಬಳಸಿದ್ದೇ ಮುಖ್ಯ ಕಾರಣವೆಂದಿತು. ಅಷ್ಟು ಜನರನ್ನು ಒಂದೇ ಸೂರಿನಡಿ ಮಲಗಿಸಿದ ಅಧಿಕಾರಿಗಳ ಹೊಣೆ ಇದರಿಂದ ಕಡಿಮೆಯಾಗುವುದೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಸೇನೆಯೂ 2020ರ ಜುಲೈನಲ್ಲಿ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕಲು ಸಿಬ್ಬಂದಿಗೆ ಸೂಚಿಸಿತು. ಆದರೆ ಈ ಪಾಠವನ್ನು ಮೊದಲು ಕಲಿಯಬೇಕಾಗಿ ಬಂದದ್ದು ದೂರದರ್ಶನ ಮಾಧ್ಯಮವೇ. 2008ರ ನವೆಂಬರ್ 26ರ ಮುಂಬೈ ದಾಳಿಯ ವೇಳೆ ನೇರ ಪ್ರಸಾರವನ್ನು ನೋಡುತ್ತಲೇ ಪಾಕಿಸ್ತಾನದಲ್ಲಿದ್ದ ಸೂತ್ರಧಾರರು ಹಂತಕರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಾಹಿನಿಗಳನ್ನು ಕಟುವಾಗಿ ಟೀಕಿಸಿತು. ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆಯ ನೇರ ಪ್ರಸಾರಕ್ಕೆ ಈಗ ನಿಯಮದ ತಡೆಯಿದೆ.

2025ರ ಏಪ್ರಿಲ್ 26ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇದನ್ನೇ ನೆನಪಿಸಿ ಸಲಹಾ ಸೂಚನೆ ಹೊರಡಿಸಿದಾಗ ವಾಹಿನಿಗಳ ಜೊತೆಗೆ ಜಾಲತಾಣ ಬಳಸುವವರನ್ನೂ ಸೇರಿಸಿತು. ಅಂದರೆ ರೈಲ್ವೆ ಗೇಟಿನ ಬಳಿ ನಿಂತು, ಟ್ಯಾಂಕುಗಳನ್ನು ಹೊತ್ತು ಸಾಗುವ ಗೂಡ್ಸ್ ರೈಲನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕುವವರಿಗೂ ಆ ಸೂಚನೆ ಅನ್ವಯಿಸುತ್ತದೆ.